ಭಕ್ಷೀಸು: ದಾನವೋ, ಋಣವೋ?

ಪ್ರವಾಸವು ಎಷ್ಟೇ ಸುಖಕರವಾಗಿ ನಡೆದಿರಲಿ, ಅದರ ಕಡೆಯ ಗಳಿಗೆಯಲ್ಲಿ ಒಂದು ಸಣ್ಣ ಸಂಕಟವು ಪ್ರತಿಯೊಬ್ಬ ಗೃಹಸ್ಥನನ್ನೂ ಕಾಡದೆ ಬಿಡುವುದಿಲ್ಲ. ಸಾಮಾನೆಲ್ಲ ವಾಹನಕ್ಕೆ ಏರಿರುವುದು. ಮಕ್ಕಳು ಒಳಗೆ ಕುಳಿತಿರುವರು. ಮನೆಯಾಕೆಯು ಮರೆತ ವಸ್ತುವೇನಾದರೂ ಉಂಟೋ ಎಂದು ಕೋಣೆಯನ್ನು ಮತ್ತೊಮ್ಮೆ ನೋಡಿ ಬಂದಿರುವಳು. ಬಾಗಿಲಿನಲ್ಲಿ ಇಬ್ಬರು ಮೂವರು ನಿಂತಿರುವರು. ಅವರು ಬಾಯಿಬಿಟ್ಟು ಏನನ್ನೂ ಕೇಳುವುದಿಲ್ಲ. ಆದರೂ ಗೃಹಸ್ಥನ ಕೈ ಜೇಬಿಗೆ ಹೋಗುವುದು. ಹೋದ ಕೈ ಅಲ್ಲಿಯೇ ತಡೆಯುವುದು. ಎಷ್ಟು ಕೊಡಬೇಕು? ಯಾರಿಗೆ ಕೊಡಬೇಕು? ಒಬ್ಬನಿಗೆ ಕೊಟ್ಟರೆ ಮತ್ತೊಬ್ಬನಿಗೆ ಏನೆನ್ನಿಸೀತು? ಕಡಮೆಯಾದರೆ ಜಿಪುಣನೆಂಬ ಹೆಸರು. ಹೆಚ್ಚಾದರೆ ದುಂದುಗಾರನೆಂಬ ಮಾತು. ಕೊನೆಗೆ ಕೈಗೆ ಸಿಕ್ಕಿದ ನೋಟನ್ನು ಎದುರಿಗೆ ಸಿಕ್ಕಿದವನ ಕೈಯಲ್ಲಿ ತುರುಕಿ, “ಕಾಫಿಗೆ ಇಟ್ಟುಕೋಪ್ಪಾ” ಎಂದು ಹೇಳಿ ಹೊರಟುಬಿಡುವುದೇ ಬಹುಮಂದಿಯ ಪದ್ಧತಿಯಾಗಿದೆ.

ವಿಷಯವು ಕ್ಷುಲ್ಲಕವೆಂದು ತೋರಬಹುದು. ಆದರೆ ಆ ನೋಟಿನಲ್ಲಿ ಎರಡು ಕುಟುಂಬಗಳ ಮಾನವು ಅಡಗಿದೆಯೆಂಬುದನ್ನು ನಾವು ಮರೆಯಬಾರದು: ಕೊಡುವವನದು ಒಂದು, ಕೊಳ್ಳುವವನದು ಇನ್ನೊಂದು. ಆದುದರಿಂದ ಇದನ್ನು ಕುರಿತು ಸ್ವಲ್ಪ ಸಾವಧಾನದಿಂದ ವಿಚಾರಮಾಡುವುದು ಗೃಹಸ್ಥರಿಗೆ ಉಚಿತವೆಂದು ನಾವು ಭಾವಿಸುತ್ತೇವೆ.

ಹಾಸನ ಜಿಲ್ಲೆಯ ಹೆಗ್ಗದ್ದೆಯನ್ನು ಬಲ್ಲವರಿಗೆ ಈ ವಿಚಾರವು ಸುಲಭವಾಗಿ ಮನಸ್ಸಿಗೆ ಬರುವುದು. ಸಕಲೇಶಪುರವನ್ನು ದಾಟಿ ಪಶ್ಚಿಮಕ್ಕೆ ಸಾಗುವ ಹೆದ್ದಾರಿಯು ಇಲ್ಲಿಂದಲೇ ಶಿರಾಡಿ ಘಾಟಿಯನ್ನು ಇಳಿಯತೊಡಗುತ್ತದೆ. ಹೆಗ್ಗದ್ದೆಯಿಂದ ಅಡ್ಡಹೊಳೆಯವರೆಗಿನ ಸುಮಾರು 26 ಕಿಲೋಮೀಟರುಗಳ ಈ ಇಳಿಜಾರನ್ನು 2015 ಮತ್ತು 2018ರಲ್ಲಿ, ತಿಂಗಳುಗಟ್ಟಲೆ ವಾಹನಸಂಚಾರವನ್ನು ನಿಲ್ಲಿಸಿ, ಎರಡು ಹಂತಗಳಲ್ಲಿ ಕಾಂಕ್ರೀಟಿನ ದಾರಿಯನ್ನಾಗಿ ಮಾಡಿದರು. ಇದೇ ದಾರಿಯಲ್ಲಿ ಬೆಂಗಳೂರಿನ ಕಡೆಯ ಕುಟುಂಬಗಳು ಮಲೆಯ ತಂಪನ್ನು ಅರಸಿಕೊಂಡು ಮೇಲಿನ ತೋಟದ ಮನೆಗಳಿಗೆ ಬರುತ್ತವೆ. ಇದೇ ದಾರಿಯಲ್ಲಿ ಮಲೆಯ ಕುಟುಂಬಗಳು ಕಾಫಿಯ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಕಡಲನ್ನು ಕಾಣಲು ಕೆಳಗೆ ಇಳಿಯುತ್ತವೆ. ಹೀಗೆ ಈ ಸೀಮೆಯ ಗೃಹಸ್ಥನು ವರ್ಷದ ಒಂದು ಕಾಲದಲ್ಲಿ ಅತಿಥಿಯನ್ನು ಇಟ್ಟುಕೊಳ್ಳುವವನು, ಇನ್ನೊಂದು ಕಾಲದಲ್ಲಿ ತಾನೇ ಅತಿಥಿಯಾಗುವವನು. ಭಕ್ಷೀಸಿನ ನಾಣ್ಯದ ಎರಡು ಮುಖಗಳನ್ನೂ ನೋಡುವ ಅವಕಾಶವು ಅವನಿಗೆ ಇರುವಷ್ಟು ಮತ್ತಾರಿಗೂ ಇಲ್ಲ.

ಈಚಿನ ವರ್ಷಗಳಲ್ಲಿ ಕಡಲನ್ನು ದಡದಿಂದ ನೋಡಿ ತೃಪ್ತರಾಗದೆ, ಹಡಗನ್ನೇರಿ ವಿಹಾರ ಮಾಡುವ ಅಭಿಲಾಷೆಯು ನಮ್ಮ ಮಧ್ಯಮ ವರ್ಗದ ಮನೆಗಳಿಗೂ ಬಂದಿದೆ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಎಂಬ ಸಂಸ್ಥೆಯ ವಿಹಾರನೌಕೆಯು ಮುಂಬಯಿಯಿಂದ ಸಂಚಾರವನ್ನು ಆರಂಭಿಸಿದ ಮೇಲೆ ಗೋವ, ಲಕ್ಷದ್ವೀಪ, ಕೊಚ್ಚಿಗಳ ಕಡೆಗೆ ಎರಡು ಮೂರು ರಾತ್ರಿಗಳ ಯಾನವು ನಮ್ಮವರಿಗೆ ನಿಲುಕುವಂತಾಯಿತು. ಇನ್ನೂ ಅನುಕೂಲಸ್ಥರು ಸಿಂಗಪುರಕ್ಕೋ ಯೂರೋಪಿಗೋ ಹೋಗಿ ಅಲ್ಲಿಯ ದೊಡ್ಡ ನೌಕೆಗಳನ್ನು ಏರುತ್ತಾರೆ. ಪಣಂಬೂರಿನ ನವಮಂಗಳೂರು ಬಂದರಿಗೂ ಚಳಿಗಾಲದಲ್ಲಿ ಪರದೇಶದ ವಿಹಾರನೌಕೆಗಳು ಬಂದು ಒಂದು ಹಗಲು ನಿಲ್ಲುವುದುಂಟು. ಅವುಗಳಿಂದ ಇಳಿದ ಯಾತ್ರಿಕರು ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರಗಳನ್ನು ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ.

ಹಡಗಿನ ಟಿಕೇಟನ್ನು ಕೊಂಡ ನಮ್ಮ ಗೃಹಸ್ಥನಿಗೆ ಯಾನದ ಕಡೆಯ ದಿನ ಲೆಕ್ಕದ ಪಟ್ಟಿಯಲ್ಲಿ ಒಂದು ಅಪರಿಚಿತ ಸಾಲು ಕಾಣಬರುತ್ತದೆ. ಅದೇ ಭಕ್ಷೀಸು, ಸೇವಾಶುಲ್ಕವೆಂದೂ ಅದಕ್ಕೆ ಹೆಸರುಂಟು. ತಾನು ಕೈಯಾರೆ ಕೊಡದಿದ್ದರೂ ಅದು ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಎಂದು ತಾನಾಗಿಯೇ ಸೇರಿಕೊಂಡಿರುತ್ತದೆ. “ಇದೇನು, ದಾನವನ್ನೂ ಬಲಾತ್ಕಾರದಿಂದ ವಸೂಲು ಮಾಡುವರೇ?” ಎಂದು ಅವನಿಗೆ ಸಿಟ್ಟು ಬರುವುದು ಸಹಜ. ಸಿಟ್ಟಿಗೆ ಅವಕಾಶ ಕೊಡುವ ಮೊದಲು ವಿಷಯವನ್ನು ಬುಡದಿಂದ ತಿಳಿಯೋಣ.

ನಮ್ಮ ಹಿರಿಯರು ಕೊಡುಗೆಗಳನ್ನೆಲ್ಲ ಒಂದೇ ಹೆಸರಿನಿಂದ ಕರೆಯುತ್ತಿರಲಿಲ್ಲ. ಪುರೋಹಿತನಿಗೆ ಕೊಟ್ಟದ್ದು ದಕ್ಷಿಣೆ. ದೇವರಿಗೆ ಒಪ್ಪಿಸಿದ್ದು ಕಾಣಿಕೆ. ದೊರೆಯು ಮೆಚ್ಚಿ ಕೊಟ್ಟದ್ದು ಇನಾಮು. ಮದುವೆಯ ಮನೆಯಲ್ಲಿ ನೆಂಟರು ಕೊಟ್ಟದ್ದು ಉಡುಗೊರೆ ಅಥವಾ ಮುಯ್ಯಿ. ಇವೆಲ್ಲಕ್ಕಿಂತ ಭಿನ್ನವಾದುದು ಆಯ. ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಹನ್ನೆರಡು ಮಂದಿ ಆಯಗಾರರೆಂಬ ಏರ್ಪಾಡು ಇತ್ತಷ್ಟೆ. ಕಮ್ಮಾರ, ಬಡಗಿ, ಕುಂಬಾರ, ಅಗಸ, ತಳವಾರ, ನೀರುಗಂಟಿ ಮೊದಲಾದವರು ವರ್ಷವೆಲ್ಲ ಊರಿನ ಕೆಲಸವನ್ನು ಮಾಡುವರು. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವರವರ ಪಾಲನ್ನು ಅಳೆದು ಕೊಡುವರು. ರಾಶಿಯನ್ನು ಮನೆಗೆ ಸಾಗಿಸುವ ಮೊದಲು ಆಯವನ್ನು ಎತ್ತಿಡಬೇಕೆಂಬುದು ಕಟ್ಟಳೆ. ಅದು ರೈತನ ಔದಾರ್ಯವಲ್ಲ, ಆಯಗಾರನ ಹಕ್ಕು. ಆ ಏರ್ಪಾಡಿನಲ್ಲಿ ಜಾತಿಯ ಮೇಲುಕೀಳೂ, ತೋಟಿ ತಳವಾರರ ಪಾಲಿಗೆ ಬಿಟ್ಟಿಯ ದುಡಿಮೆಯೂ ಇದ್ದುದನ್ನು ನಾವು ಮುಚ್ಚಿಡುವಂತಿಲ್ಲ. ಅದು ಹೋದುದೇ ಒಳ್ಳೆಯದಾಯಿತು. ಆದರೆ ದುಡಿದವನ ಪಾಲು ಬೇರೆ, ಮೆಚ್ಚಿನ ಕೊಡುಗೆ ಬೇರೆ ಎಂಬ ವಿವೇಕವು ಅದರಲ್ಲಿ ಇತ್ತು. ಆ ವಿವೇಕವನ್ನು ಕಳೆದುಕೊಳ್ಳಬಾರದು.

ಕಾಫಿತೋಟಗಳ ಚರಿತ್ರೆಯಲ್ಲಿಯೂ ಇದೇ ಪಾಠವು ಕಂಡುಬರುವುದು. ಮಂಜರಾಬಾದೆಂದು ಹೆಸರಾಗಿದ್ದ ಈ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಐರೋಪ್ಯರು ತೋಟಗಳನ್ನು ಹಾಕಿದರು. ಬಂಗಲೆಯ ಬಟ್ಲರನು ದೊರೆಯ ಅತಿಥಿಗಳಿಂದ ಭಕ್ಷೀಸನ್ನು ನಿರೀಕ್ಷಿಸುವ ಪದ್ಧತಿಯು ಅಂತಹ ಬಂಗಲೆಗಳ ಬಾಳುವೆಗೆ ಸೇರಿದುದು. ಹಬ್ಬದಲ್ಲಿ ಆಳುಗಳಿಗೆ ಕೊಡುತ್ತಿದ್ದ ಹಣವೂ ಧಣಿಯ ಮರ್ಜಿಗೆ ಬಿಟ್ಟದ್ದಾಗಿತ್ತು. ಸ್ವಾತಂತ್ರ್ಯದ ತರುವಾಯ 1951ರಲ್ಲಿ ತೋಟದ ಕಾರ್ಮಿಕರ ಶಾಸನವು ಬಂದು ವಸತಿ, ನೀರು, ವೈದ್ಯಸಹಾಯಗಳನ್ನು ಧಣಿಯ ಕರ್ತವ್ಯವನ್ನಾಗಿ ಮಾಡಿತು. 1965ರ ಬೋನಸ್ ಶಾಸನವು ವರ್ಷದ ಮೇಲುಹಣವನ್ನೂ ಹಕ್ಕಿನ ವರ್ಗಕ್ಕೆ ಸೇರಿಸಿತು. ಮುಂದೆ ಅದರ ಕನಿಷ್ಠ ಪ್ರಮಾಣವು ವರ್ಷದ ಸಂಬಳದ ಶೇಕಡಾ 8.33 ಎಂದು ನಿಂತಿತು. ಎಂದರೆ ಒಂದು ತಿಂಗಳ ಸಂಬಳಕ್ಕೆ ಸಮ. ನಿನ್ನೆಯ ದಯೆಯು ಇಂದಿನ ಹಕ್ಕಾಯಿತು. ಹಾಗಾದುದರಿಂದ ಯಾವ ಧಣಿಯ ಮಾನವೂ ಕುಂದಲಿಲ್ಲ, ಆಳಿನ ಮಾನವು ಹೆಚ್ಚಿತು.

ಈಗ ಹಡಗಿಗೆ ಬರೋಣ. ದೊಡ್ಡ ವಿಹಾರನೌಕೆಯೆಂದರೆ ತೇಲುವ ಒಂದು ಪಟ್ಟಣವೇ ಸರಿ. ಕೋಣೆಯನ್ನು ದಿನಕ್ಕೆ ಎರಡು ಸಲ ಚೊಕ್ಕಟಮಾಡುವವನೊಬ್ಬ. ಊಟದ ಮೇಜಿನಲ್ಲಿ ಬಡಿಸುವವನೊಬ್ಬ, ಅವನ ಸಹಾಯಕನೊಬ್ಬ. ಇವರನ್ನು ನಾವು ಕಾಣುತ್ತೇವೆ. ಆದರೆ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವವನನ್ನೂ, ನೀರಿನ ಮಟ್ಟಕ್ಕಿಂತ ಕೆಳಗಿನ ಅಂತಸ್ತಿನಲ್ಲಿ ಸಾವಿರಾರು ಹಾಸುಬಟ್ಟೆಗಳನ್ನು ಒಗೆದು ಮಡಿಸುವವನನ್ನೂ ಯಾತ್ರಿಕನು ಒಮ್ಮೆಯೂ ಕಾಣುವುದಿಲ್ಲ. ಇವರಲ್ಲಿ ಫಿಲಿಪೈನ್ಸ್, ಇಂಡೋನೇಷ್ಯಗಳವರು ಬಹಳ. ನಮ್ಮ ದೇಶದವರೂ ಬಹಳ. ಗೋವೆಯ ಮತ್ತು ಮಂಗಳೂರು ಕಡೆಯ ಎಷ್ಟೋ ಮನೆಗಳ ಮಕ್ಕಳು ಈ ನೌಕೆಗಳಲ್ಲಿ ದುಡಿಯುತ್ತಿದ್ದಾರೆ. ಆರರಿಂದ ಒಂಬತ್ತು ತಿಂಗಳ ಕರಾರು. ಅಷ್ಟು ಕಾಲವೂ ಮನೆಯ ಮುಖವನ್ನು ಕಾಣುವಂತಿಲ್ಲ. ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದವು 2006ರಲ್ಲಿ ಸಿದ್ಧವಾಗಿ 2013ರ ಆಗಸ್ಟಿನಲ್ಲಿ ಜಾರಿಗೆ ಬಂದಿತು. ಭಾರತವು 2015ರಲ್ಲಿ ಅದನ್ನು ಅಂಗೀಕರಿಸಿತು. ದುಡಿಮೆಯ ಹೊತ್ತನ್ನು ಮಿತಿಗೊಳಿಸಬೇಕೆಂದರೆ ಅದು ಹೇಳುವುದೇನು? ದಿನಕ್ಕೆ 14 ಗಂಟೆಗೂ ವಾರಕ್ಕೆ 72 ಗಂಟೆಗೂ ಮೀರಬಾರದು. ಇಲ್ಲವೆ ದಿನಕ್ಕೆ 10 ಗಂಟೆಯೂ ವಾರಕ್ಕೆ 77 ಗಂಟೆಯೂ ವಿಶ್ರಾಂತಿ ದೊರೆಯಬೇಕು. ರಕ್ಷಣೆಯೆಂದು ಹಾಕಿದ ಗಡಿಯೇ ಇಷ್ಟು ದೂರದಲ್ಲಿರುವಾಗ ದುಡಿಮೆಯು ಎಂತಹುದೆಂದು ವಾಚಕರೇ ಊಹಿಸಬಹುದು.

ಹಿಂದೆ ಈ ನೌಕೆಗಳಲ್ಲಿಯೂ ಯಾನದ ಕಡೆಯ ರಾತ್ರಿ ಲಕೋಟೆಗಳಲ್ಲಿ ಹಣವನ್ನಿಟ್ಟು ಪರಿಚಾರಕರಿಗೆ ಕೈಯಾರೆ ಕೊಡುವ ಪದ್ಧತಿಯಿತ್ತು. ಕಂಡವರಿಗೆ ದೊರೆಯಿತು; ಕಾಣದವರಿಗೆ ಇಲ್ಲ. ಕಡೆಯ ರಾತ್ರಿ ಊಟದ ಮನೆಗೆ ಬರದೆ ತಪ್ಪಿಸಿಕೊಳ್ಳುವ ಯಾತ್ರಿಕರೂ ಇಲ್ಲದಿರಲಿಲ್ಲ. ಕ್ರಮೇಣ ಸಂಸ್ಥೆಗಳು ದಿನಕ್ಕೆ ಇಷ್ಟೆಂದು ಲೆಕ್ಕದಲ್ಲಿಯೇ ಸೇರಿಸತೊಡಗಿದುವು. 2024ರಲ್ಲಿ ಅಮೆರಿಕದ ದೊಡ್ಡ ನೌಕಾಸಂಸ್ಥೆಗಳು ಸಾಮಾನ್ಯ ಕೋಣೆಯ ಯಾತ್ರಿಕನೊಬ್ಬನಿಗೆ ದಿನವೊಂದಕ್ಕೆ ಸುಮಾರು 16ರಿಂದ 20 ಡಾಲರುಗಳವರೆಗೆ ಹಾಕುತ್ತಿದ್ದುವು. ಪಾನೀಯಗಳ ಬೆಲೆಯ ಮೇಲೆ ಶೇಕಡಾ 18ರಿಂದ 20ರಷ್ಟು ಪ್ರತ್ಯೇಕ. ಹಲವು ಸಂಸ್ಥೆಗಳಲ್ಲಿ ಮಕ್ಕಳಿಗೂ ರಿಯಾಯತಿಯಿಲ್ಲ.

ಒಂದು ಲೆಕ್ಕವನ್ನು ಹಾಕಿ ನೋಡೋಣ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಏಳು ರಾತ್ರಿಗಳ ಯಾನಕ್ಕೆ ಹೋದರೆಂದೂ ತಲೆಗೆ ದಿನಕ್ಕೆ 18 ಡಾಲರೆಂದೂ ಇಟ್ಟುಕೊಂಡರೆ ಒಟ್ಟು 504 ಡಾಲರಾಗುವುದು. ಡಾಲರಿಗೆ 85 ರೂಪಾಯಿಗಳಂತೆ ಹಿಡಿದರೂ 42,840 ರೂಪಾಯಿ. ಇದು ಸಣ್ಣ ಮೊತ್ತವಲ್ಲ. ಟಿಕೇಟನ್ನು ಕೊಳ್ಳುವಾಗ ಇದನ್ನು ಲೆಕ್ಕಕ್ಕೆ ಹಿಡಿಯದವನಿಗೆ ಕಡೆಯ ದಿನ ಎದೆ ಝಲ್ಲೆನ್ನುವುದರಲ್ಲಿ ಆಶ್ಚರ್ಯವೇನು?

ಆಗ ಅವನ ಕಿವಿಗೆ ಒಂದು ಉಪಾಯವು ಬೀಳುತ್ತದೆ. ಅನೇಕ ನೌಕೆಗಳಲ್ಲಿ ಯಾತ್ರಿಕರ ವಿಚಾರಣೆಯ ಕಟ್ಟೆಗೆ ಹೋಗಿ ಕೇಳಿದರೆ ಈ ಸಾಲನ್ನು ತೆಗೆದುಹಾಕುವರು ಅಥವಾ ತಗ್ಗಿಸುವರು. ಸರತಿಯಲ್ಲಿ ನಿಂತು ತೆಗೆಸಿದರೆ ನಲವತ್ತು ಸಾವಿರ ರೂಪಾಯಿ ಉಳಿಯಿತು! ತೆಗೆಸಿದವನು ತನ್ನ ಜಾಣತನವನ್ನು ನೆಂಟರ ಮುಂದೆ ಹೇಳಿಕೊಳ್ಳುವನು. ಅವನ ವಾದವೂ ಪೂರ್ತಿ ಹುರುಳಿಲ್ಲದುದಲ್ಲ: “ಆಳಿಗೆ ಸಂಬಳ ಕೊಡುವುದು ಒಡೆಯನ ಕರ್ತವ್ಯ. ಟಿಕೇಟಿನ ಹಣವನ್ನು ತೆಗೆದುಕೊಂಡ ಮೇಲೆ ಮತ್ತೆ ನಮ್ಮಿಂದ ಸಂಬಳವನ್ನು ಕೊಡಿಸುವುದು ಯಾವ ನ್ಯಾಯ?”

ಈ ಪ್ರಶ್ನೆಯು ಹೊಸದಲ್ಲ. ಅದಕ್ಕೆ ಕಹಿಯಾದ ಒಂದು ಚರಿತ್ರೆಯೇ ಇದೆ. ಅಮೆರಿಕದಲ್ಲಿ ಗುಲಾಮಗಿರಿಯು ಕೊನೆಗೊಂಡ ಬಳಿಕ ಪುಲ್ಮನ್ ಎಂಬವನ ಮಲಗುವ ರೈಲುಗಾಡಿಗಳಲ್ಲಿ ಬಿಡುಗಡೆ ಹೊಂದಿದ ಕರಿಯ ಜನರನ್ನು ಪರಿಚಾರಕರನ್ನಾಗಿ ನೇಮಿಸಿದರು. ಸಂಬಳವು ಅತ್ಯಲ್ಪ; ಪ್ರಯಾಣಿಕನು ಕೊಡುವ ಭಕ್ಷೀಸಿನಿಂದಲೇ ಸಂಸಾರವು ಸಾಗಬೇಕು. ಆದುದರಿಂದ ಎಂತಹ ಅವಮಾನಕ್ಕೂ ಮುಗುಳುನಗೆಯೇ ಉತ್ತರವಾಗಿರಬೇಕಾಯಿತು. ಆ ಪರಿಚಾರಕರು 1925ರಲ್ಲಿ ಎ. ಫಿಲಿಪ್ ರಾಂಡಾಲ್ಫರ ಮುಂದಾಳುತನದಲ್ಲಿ ಸಂಘವನ್ನು ಕಟ್ಟಿ, ಹನ್ನೆರಡು ವರ್ಷ ಹೋರಾಡಿ, 1937ರಲ್ಲಿ ಕರಾರನ್ನು ಪಡೆದರು. ಆದರೂ ರೋಗದ ಬೇರು ಪೂರ್ತಿ ಕೀಳಲಿಲ್ಲ. ಭಕ್ಷೀಸು ದೊರೆಯುವ ಕೆಲಸಗಾರನಿಗೆ ಒಡೆಯನು ನೇರವಾಗಿ ಕೊಡಲೇಬೇಕಾದ ಕೂಲಿಯನ್ನು ಅಮೆರಿಕದ ಕೇಂದ್ರ ಶಾಸನವು 1991ರಲ್ಲಿ ಗಂಟೆಗೆ 2.13 ಡಾಲರೆಂದು ನಿಗದಿಮಾಡಿತು. ಮೂವತ್ತು ವರ್ಷಗಳು ಕಳೆದರೂ ಅದು ಏರಲಿಲ್ಲ. ಉಳಿದುದನ್ನು ಗಿರಾಕಿಯ ಕೈ ತುಂಬಬೇಕು. ತುಂಬದಿದ್ದರೆ ಮಾತ್ರ ಒಡೆಯನು ಕೊಡಬೇಕು. ಇದಕ್ಕೆ ಪ್ರತಿಯಾಗಿ ಜಪಾನಿನಲ್ಲಿ ಭಕ್ಷೀಸಿನ ವಾಡಿಕೆಯೇ ಇಲ್ಲ; ಮೇಜಿನ ಮೇಲೆ ಹಣವನ್ನು ಬಿಟ್ಟುಬಂದರೆ ಮರೆತು ಹೋದಿರೆಂದು ಹಿಂದೆಯೇ ಓಡಿಬಂದು ಕೊಡುವರು. ಅಲ್ಲಿಯ ಸೇವೆಯಲ್ಲಿ ಕೊರತೆಯಿದೆಯೆಂದು ಯಾರೂ ಹೇಳರು. ಆದುದರಿಂದ ಭಕ್ಷೀಸಿಲ್ಲದೆ ಒಳ್ಳೆಯ ಸೇವೆಯು ದೊರೆಯದೆಂಬ ಮಾತು ನಿಲ್ಲಲಾರದು.

ಹಡಗುಗಳಲ್ಲಿಯೂ ಬೇರೆ ದಾರಿಯಿದೆ. ಪಿ. ಅಂಡ್ ಓ. ಎಂಬ ಹೆಸರು ನಮ್ಮ ಹಿರಿಯರಿಗೆ ಪರಿಚಿತವಾದುದೇ. ಮುಂಬಯಿಯಿಂದ ವಿಲಾಯಿತಿಗೆ ಹೋಗುವವರು ಏರುತ್ತಿದ್ದುದು ಆ ಹೆಸರಿನ ಹಡಗುಗಳನ್ನು. ಅದೇ ಹೆಸರಿನ ಬ್ರಿಟಿಷ್ ವಿಹಾರನೌಕಾ ಸಂಸ್ಥೆಯು 2019ರ ಮೇ ತಿಂಗಳಿನಿಂದ ದಿನದ ಸೇವಾಶುಲ್ಕವನ್ನು ತೆಗೆದುಹಾಕಿ ಅದನ್ನು ಟಿಕೇಟಿನ ಬೆಲೆಯಲ್ಲಿಯೇ ಸೇರಿಸಿತು. ನ್ಯಾಯವಾದ ಮಾರ್ಗವು ಇದೇ ಎಂದು ನಾವು ಹೇಳುತ್ತೇವೆ. ಬೆಲೆಯು ಮೊದಲೇ ತಿಳಿಯುವುದು; ಆಳಿನ ಪಾಲು ಯಾತ್ರಿಕನ ಮನಸ್ಸಿನ ಏರಿಳಿತಕ್ಕೆ ಸಿಕ್ಕುವುದಿಲ್ಲ.

ಹಾಗಾದರೆ ಸೇವಾಶುಲ್ಕವನ್ನು ಇಟ್ಟಿರುವ ನೌಕೆಯಲ್ಲಿ ಅದನ್ನು ತೆಗೆಸುವುದು ಸರಿಯೋ? ಸರಿಯಲ್ಲವೆಂಬುದೇ ನಮ್ಮ ಸ್ಪಷ್ಟವಾದ ಅಭಿಪ್ರಾಯ. ಪದ್ಧತಿಯು ತಪ್ಪಾಗಿರಬಹುದು, ಆದರೆ ಆ ತಪ್ಪಿನ ದಂಡವನ್ನು ತೆರುವವನು ಯಾರು? ಟಿಕೇಟಿನ ಹಣವು ಸಂಸ್ಥೆಯ ಪೆಟ್ಟಿಗೆಯನ್ನು ಆಗಲೇ ಸೇರಿದೆ. ಭಕ್ಷೀಸನ್ನು ನಂಬಿಯೇ ಸಂಬಳವನ್ನು ಗೊತ್ತುಮಾಡಿರುವಲ್ಲಿ, ಕಡಮೆಯಾಗುವುದು ಕೆಳಗಿನ ಅಂತಸ್ತಿನಲ್ಲಿ ಬಟ್ಟೆ ಮಡಿಸುವವನ ಪಾಲು. ಆಯವನ್ನು ಅಳೆಯದೆ ರಾಶಿಯನ್ನು ಮನೆಗೆ ಸಾಗಿಸಿದಂತೆ ಆಗುವುದು ಅದು. ಪ್ರತಿಭಟನೆಯನ್ನು ತೋರಿಸಬೇಕಾದುದು ಟಿಕೇಟನ್ನು ಕೊಳ್ಳುವ ಮೊದಲು. ಸೇವೆಯನ್ನೆಲ್ಲ ಅನುಭವಿಸಿದ ಮೇಲೆ ಅಲ್ಲ. ಭಕ್ಷೀಸು ಸೇರಿದೆಯೋ ಇಲ್ಲವೋ, ತಲೆಗೆ ಎಷ್ಟು, ಮಕ್ಕಳಿಗೆ ಎಷ್ಟು ಎಂದು ಮುಂಗಡ ಕೊಡುವ ಮೊದಲೇ ಬರವಣಿಗೆಯಲ್ಲಿ ಕೇಳಿ ತಿಳಿಯತಕ್ಕದ್ದು. ಅದನ್ನು ಬೆಲೆಯ ಒಂದು ಭಾಗವೆಂದೇ ತಿಳಿದು ಕೂಡಿಸತಕ್ಕದ್ದು. ಕೂಡಿಸಿದ ಮೊತ್ತವು ಸಂಸಾರದ ಶಕ್ತಿಗೆ ಮೀರಿದರೆ ಏಳು ರಾತ್ರಿಗೆ ಬದಲು ಐದು ರಾತ್ರಿ ಹೋದರಾಯಿತು. ಇನ್ನೊಬ್ಬನ ಕೂಲಿಯಿಂದ ನಮ್ಮ ಎರಡು ರಾತ್ರಿಗಳನ್ನು ಕೊಳ್ಳಬೇಕಾದ ಅಗತ್ಯವಿಲ್ಲ. ಸೇವೆಯಲ್ಲಿ ನಿಜವಾದ ಲೋಪವಿದ್ದರೆ ಯಾನದ ನಡುವೆಯೇ ಮೇಲಿನವರಿಗೆ ತಿಳಿಸಿ ಸರಿಪಡಿಸಿಕೊಳ್ಳುವುದು ಯೋಗ್ಯ.

ಇಲ್ಲಿ ಒಂದು ಸಂದೇಹವು ಏಳಬಹುದು. ನಮ್ಮ ದೇಶದಲ್ಲಿ ಹೋಟೆಲುಗಳವರು ಬಿಲ್ಲಿನಲ್ಲಿ ಸೇವಾಶುಲ್ಕವನ್ನು ತಾವಾಗಿಯೇ ಸೇರಿಸಕೂಡದೆಂದು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ವಿಧಿಸಿತು. 2025ರ ಮಾರ್ಚಿ 28ರಂದು ದೆಹಲಿಯ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಹಾಗಿರುವಲ್ಲಿ ಊರಿನ ಹೋಟೆಲಿನಲ್ಲಿ ನಿರಾಕರಿಸಬಹುದಾದುದನ್ನು ಹಡಗಿನಲ್ಲಿ ಏಕೆ ಕೊಡಬೇಕು? ಭೇದವು ಹಣದ ದಾರಿಯಲ್ಲಿದೆ. ಬೆಲೆಯ ಪಟ್ಟಿಯಲ್ಲಿ ಕಾಣಿಸದೆ, ಊಟವಾದ ಮೇಲೆ ಬಿಲ್ಲಿನ ಬುಡದಲ್ಲಿ ಹೊಂಚಿ ಕುಳಿತಿರುವ ಶುಲ್ಕವನ್ನು ನಿರಾಕರಿಸುವುದು ಗ್ರಾಹಕನ ಹಕ್ಕು. ನಿರಾಕರಿಸಿದ ಮೇಲೆ ಬಡಿಸಿದವನ ಕೈಗೆ ತನ್ನ ಇಚ್ಛೆಯಂತೆ ಕೊಡುವುದೂ ಅವನಿಗೆ ಸಾಧ್ಯ. ಹಡಗಿನಲ್ಲಿ ಕಾಣದ ಕೈಗಳಿಗೆ ತಲುಪಿಸಲು ಆ ಒಂದು ಸಾಲಿನ ಹೊರತು ಬೇರೆ ದಾರಿಯಿಲ್ಲ. ಕೊಟ್ಟ ಭಕ್ಷೀಸು ಯಾರದೆಂಬುದನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಆದಾಯ ತೆರಿಗೆಯ ಮೊಕದ್ದಮೆಯೊಂದರಲ್ಲಿ ಬಿಡಿಸಿ ಹೇಳಿತು: ಗಿರಾಕಿಯು ಪರಿಚಾರಕರಿಗೆಂದು ಕೊಟ್ಟ ಹಣವನ್ನು ಹೋಟೆಲಿನ ಮಾಲಿಕನು ಬರಿಯ ವಿಶ್ವಸ್ಥನಾಗಿ ಹಿಡಿದಿರುವನು, ಅದು ಅವನು ಕೊಡುವ ಸಂಬಳವೆಂದು ಎಣಿಸತಕ್ಕದ್ದಲ್ಲ. ಈ ಮಾತನ್ನು ಅತಿಥಿಗಳನ್ನು ಇಟ್ಟುಕೊಳ್ಳುವವರೆಲ್ಲರೂ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

ಹಡಗಿನ ಒಡೆಯರಿಗೆ ಬುದ್ಧಿ ಹೇಳುವುದು ಸುಲಭ, ಅವರು ದೂರದಲ್ಲಿರುವರು. ಇನ್ನು ಘಾಟಿಯನ್ನು ಹತ್ತಿ ಹೆಗ್ಗದ್ದೆಯ ಸುತ್ತಲಿನ ಬೆಟ್ಟಗಳಿಗೆ ಹಿಂದಿರುಗಿ, ನಮ್ಮ ಮನೆಯಂಗಳವನ್ನೂ ನೋಡಿಕೊಳ್ಳೋಣ. ಸಕಲೇಶಪುರ ಆಲೂರುಗಳ ಸೀಮೆಯಲ್ಲಿ ತೋಟದ ಮನೆಗಳು ಅತಿಥಿಗೃಹಗಳಾಗಿ ಮಾರ್ಪಟ್ಟು ಬಹಳ ಕಾಲವಾಯಿತು. ಹೋಂಸ್ಟೇ ಎಂಬ ಮಾತು ಈಗ ಕನ್ನಡವೇ ಆಗಿಹೋಗಿದೆ. ಶನಿವಾರ ಬೆಳಗ್ಗೆ ಬಂದ ಕುಟುಂಬವು ಭಾನುವಾರ ಮಧ್ಯಾಹ್ನ ಹೊರಡುವುದರೊಳಗಾಗಿ ಎಷ್ಟು ಕೈಗಳು ದುಡಿದಿರುತ್ತವೆ! ನಸುಕಿನಲ್ಲಿಯೇ ಎದ್ದು ಬಚ್ಚಲೊಲೆಗೆ ಸೌದೆಯನ್ನಿಟ್ಟು ಹಂಡೆಯ ನೀರನ್ನು ಕಾಯಿಸಿದವನೊಬ್ಬ. ಹೊಗೆಯ ನಡುವೆ ಕುಳಿತು ಅಕ್ಕಿರೊಟ್ಟಿಯನ್ನು ತಟ್ಟಿದವಳೊಬ್ಬಳು. ಮಳೆಗಾಲದಲ್ಲಿ ಒಣಗದ ಹಾಸುಬಟ್ಟೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಹರವಿ ಒಣಗಿಸಿದವಳು ಇನ್ನೊಬ್ಬಳು. ಅತಿಥಿಗಳ ಕಾಲಿಗೆ ಉಂಬಳ ಹತ್ತದಂತೆ ಸುಣ್ಣ ಹೊಗೆಸೊಪ್ಪುಗಳನ್ನು ಸವರಿ ಅಬ್ಬಿಯ ದಾರಿಯನ್ನು ತೋರಿಸಿದವನು ಮತ್ತೊಬ್ಬ. ಕಲ್ಲುಕೊರಕಲುಗಳಲ್ಲಿ ಜೀಪನ್ನು ಗುಡ್ಡದ ನೆತ್ತಿಗೆ ಏರಿಸಿದವನೊಬ್ಬ.

ಹೊರಡುವಾಗ ಭಕ್ಷೀಸು ದೊರೆಯುವುದು ಯಾರಿಗೆ? ಬಹುಮಟ್ಟಿಗೆ ಪೆಟ್ಟಿಗೆಯನ್ನು ವಾಹನಕ್ಕೆ ಇಟ್ಟವನಿಗೆ, ಜೀಪಿನವನಿಗೆ. ರೊಟ್ಟಿ ತಟ್ಟಿದವಳು ಹಿತ್ತಿಲ ಬಾಗಿಲಿನ ಆಚೆಗೆ ಪಾತ್ರೆಯನ್ನು ತಿಕ್ಕುತ್ತಿರುತ್ತಾಳೆ. ಅತಿಥಿಯು ರೊಟ್ಟಿಯನ್ನು ಹೊಗಳಿದ್ದೂ ಅವಳ ಕಿವಿಗೆ ಬೀಳುವುದಿಲ್ಲ; ಹೊಗಳಿಕೆಯು ಮನೆಯ ಯಜಮಾನಿಗೆ ಸಲ್ಲುತ್ತದೆ, ಹಣವು ಬಾಗಿಲಿನವನಿಗೆ ಸಲ್ಲುತ್ತದೆ. ಹಡಗಿನ ಕೆಳ ಅಂತಸ್ತಿಗೂ ನಮ್ಮ ಹಿತ್ತಿಲಿಗೂ ಇರುವ ಹೋಲಿಕೆಯನ್ನು ಬೇರೆ ಹೇಳಬೇಕಾದುದಿಲ್ಲ.

ನಗದು ಹಣವು ಮರೆಯಾಗುತ್ತಿರುವ ಈ ದಿನಗಳಲ್ಲಿ ಇನ್ನೊಂದು ತೊಡಕೂ ಹುಟ್ಟಿದೆ. ಅತಿಥಿಯ ಜೇಬಿನಲ್ಲಿ ನೋಟಿಲ್ಲ, ಯು.ಪಿ.ಐ. ಮೂಲಕವೇ ಕೊಡುವೆನೆನ್ನುತ್ತಾನೆ. ಮೊಬೈಲಿನಲ್ಲಿ ಹಣ ಪಡೆಯುವ ಅನುಕೂಲವು ಜೀಪಿನವನಿಗೆ ಉಂಟು. ಅಡಿಗೆಯವಳಿಗೆ ಎಷ್ಟೋ ವೇಳೆ ಇಲ್ಲ. ಹಣವು ಯಜಮಾನನ ಖಾತೆಗೆ ಬೀಳುವುದು. ಅಲ್ಲಿಂದ ಅದು ಹಿತ್ತಿಲಿಗೆ ಹೋಗುವುದೋ ಇಲ್ಲವೋ ಎಂಬುದು ಯಜಮಾನನ ಮನಸ್ಸಾಕ್ಷಿಗೆ ಬಿಟ್ಟ ಮಾತು.

ಆದುದರಿಂದ ಅತಿಥಿಗಳನ್ನು ಇಟ್ಟುಕೊಳ್ಳುವ ಮನೆಗಳವರಿಗೆ ನಮ್ಮ ವಿಜ್ಞಾಪನೆ ಇಷ್ಟೆ. ಮೊದಲನೆಯದು: ಅತಿಥಿಗಳು ಕೊಡುವರೆಂಬ ಭರವಸೆಯಿಂದ ಆಳಿನ ಸಂಬಳವನ್ನು ಇಳಿಸಬಾರದು. ಅತಿಥಿಗಳಿಲ್ಲದ ಸುರಿಮಳೆಯ ದಿನಗಳಲ್ಲಿಯೂ ಅವಳ ಮನೆಯ ಒಲೆ ಉರಿಯಬೇಕು. ಎರಡನೆಯದು: ಊಟದ ಮನೆಯಲ್ಲಿ ಬೀಗ ಹಾಕಿದ ಒಂದು ಪೆಟ್ಟಿಗೆಯನ್ನಿಟ್ಟು, ಇದು ಈ ಮನೆಯಲ್ಲಿ ದುಡಿಯುವವರೆಲ್ಲರಿಗೂ ಸೇರಿದ್ದೆಂದು ಬರೆಯಬೇಕು. ವಾರಕ್ಕೊಮ್ಮೆ ಎಲ್ಲರೆದುರಿಗೆ ಅದನ್ನು ತೆರೆದು, ಮೊದಲೇ ಒಪ್ಪಿದ ಕ್ರಮದಲ್ಲಿ ಹಂಚಬೇಕು; ಖಾತೆಗೆ ಬಂದ ಭಕ್ಷೀಸನ್ನೂ ಆ ದಿನವೇ ಅದರೊಡನೆ ಕೂಡಿಸಬೇಕು. ಮೂರನೆಯದು: ಅತಿಥಿಗಳು ಹೊರಡುವಾಗ ಅಡಿಗೆಯವಳನ್ನು ಮುಂದಿನ ಬಾಗಿಲಿಗೆ ಕರೆಯಬೇಕು. ಕೈ ಚಾಚಲೆಂದು ಅಲ್ಲ. “ನಮ್ಮ ಅಡಿಗೆಯನ್ನು ಮಾಡಿದವರು ಇವರು” ಎಂದು ಪರಿಚಯ ಹೇಳುವುದಕ್ಕಾಗಿ. ಹಣಕ್ಕಿಂತ ಆ ಒಂದು ಮಾತು ಎಷ್ಟೋ ವೇಳೆ ಹೆಚ್ಚಿನ ಉಡುಗೊರೆಯಾಗುವುದು.

ಅತಿಥಿಗಳಾಗಿ ಹೋಗುವ ಕುಟುಂಬಗಳಿಗೂ ನಾಲ್ಕು ಮಾತುಗಳುಂಟು. ಪ್ರವಾಸದ ಖರ್ಚಿನ ಅಂದಾಜನ್ನು ಬರೆಯುವಾಗಲೇ ಭಕ್ಷೀಸಿಗೊಂದು ಸಾಲನ್ನು ಇಡತಕ್ಕದ್ದು. ಮನೆಯಿಂದ ಹೊರಡುವಾಗಲೇ ಚಿಲ್ಲರೆ ನೋಟುಗಳನ್ನೂ ನಾಲ್ಕಾರು ಲಕೋಟೆಗಳನ್ನೂ ಇಟ್ಟುಕೊಳ್ಳತಕ್ಕದ್ದು. ಎಷ್ಟೆಂಬುದಕ್ಕೆ ಶಾಸ್ತ್ರವಿಲ್ಲ, ಆದರೆ ತನ್ನ ಕುಟುಂಬದ ಒಂದು ಹೊತ್ತಿನ ಊಟಕ್ಕೆ ಆಗುವ ವೆಚ್ಚಕ್ಕಿಂತ ಕಡಮೆಯಾಗದಂತೆ ಕೊಟ್ಟರೆ ಯಾರಿಗೂ ಸಂಕೋಚವಾಗಲಾರದು. ಕೊಡುವಾಗ ಹೆಸರನ್ನು ಕೇಳಿ ತಿಳಿದು, ಬಲಗೈಯಿಂದ, ನಾಲ್ವರ ಕಣ್ಣಿಗೆ ಪ್ರದರ್ಶನವಾಗದಂತೆ ಕೊಡುವುದು ಮೇಲು. ನೋಟನ್ನು ಮೇಜಿನ ಮೇಲೆ ಎಸೆಯುವುದೂ, ಚಿಕ್ಕ ಮಗುವಿನ ಕೈಯಲ್ಲಿ ಕೊಡಿಸಿ ಚಿತ್ರ ತೆಗೆಯುವುದೂ ಸರ್ವಥಾ ಕೂಡದು. ದುಡಿಯುವ ಹಿರಿಯರಿಗೆ ದಾನ ಮಾಡುವ ಗರ್ವವನ್ನು ಮಕ್ಕಳು ಕಲಿಯಬಾರದು. ಹಾಸಿಗೆಯನ್ನು ತಾವೇ ಮಡಿಸಿಟ್ಟು, ತಟ್ಟೆಯನ್ನು ತಾವೇ ಎತ್ತಿಟ್ಟು ಬರುವುದನ್ನು ಕಲಿಯಲಿ.

ಇನ್ನೊಂದು ಎಚ್ಚರಿಕೆಯನ್ನು ಹೇಳದೆ ಈ ಲೇಖನವನ್ನು ಮುಗಿಸುವಂತಿಲ್ಲ. ಕೆಲಸವಾದ ಮೇಲೆ ಸಂತೋಷದಿಂದ ಕೊಟ್ಟರೆ ಭಕ್ಷೀಸು. ಕೂಡದ ಕೆಲಸವನ್ನು ಮಾಡಿಸಿಕೊಳ್ಳಲು ಮೊದಲೇ ಕೊಟ್ಟರೆ ಅದು ಲಂಚ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ಸುಮಾರು 55 ಕಿಲೋಮೀಟರುಗಳ ರೈಲುದಾರಿಯಲ್ಲಿ 57 ಸುರಂಗಗಳಿವೆ. ಹಳಿಯ ಮೇಲೆ ನಡೆಯುವುದಕ್ಕೆ ನಿಷೇಧವಿದೆ. ಕಾವಲಿನವನ ಕೈ ಬಿಸಿಮಾಡಿ ಸುರಂಗದೊಳಕ್ಕೆ ಮಕ್ಕಳನ್ನು ಕರೆದೊಯ್ಯುವ ತಂದೆಯು ಔದಾರ್ಯವನ್ನು ತೋರಿಸುತ್ತಿಲ್ಲ. ಅಪಾಯವನ್ನು ಕ್ರಯಕ್ಕೆ ಕೊಳ್ಳುತ್ತಿದ್ದಾನೆ. ಮುಚ್ಚಿದ ಕಾಡಿನ ಗೇಟಿಗೂ ಇದೇ ಮಾತು. ಸರಕಾರಿ ನೌಕರನಿಗೆ ಲಂಚ ಕೊಟ್ಟವನನ್ನೂ ಅಪರಾಧಿಯೆಂದೇ ಎಣಿಸುವಂತೆ 1988ರ ಭ್ರಷ್ಟಾಚಾರ ನಿರೋಧ ಶಾಸನವನ್ನು 2018ರಲ್ಲಿ ಬಿಗಿಮಾಡಲಾಗಿದೆ.

ಕೊಡುವ ಕೈ ಮೇಲೆ, ಕೊಳ್ಳುವ ಕೈ ಕೆಳಗೆ ಎಂಬ ಭಾವನೆಯು ನಮ್ಮಲ್ಲಿ ಬಹು ಕಾಲದಿಂದ ಬೇರೂರಿದೆ. ದಾನದ ವಿಷಯದಲ್ಲಿ ಅದು ಹಾಗಿರಲಿ. ಆದರೆ ನಮ್ಮ ಹಾಸಿಗೆಯನ್ನು ಹಾಸಿದ, ನಮ್ಮ ಮಕ್ಕಳಿಗೆ ಬಿಸಿನೀರು ಕಾಯಿಸಿದ, ನಮ್ಮ ಎಂಜಲನ್ನು ಬಳಿದ ಕೈಗೆ ಸಲ್ಲುವುದು ದಾನವಲ್ಲ. ನ್ಯಾಯವಾದ ಸಂಬಳವು ದೊರೆಯುವಲ್ಲಿ ಭಕ್ಷೀಸು ಸ್ನೇಹದ ಒಂದು ಗುರುತು. ಕೊಟ್ಟರೂ ಚೆಂದ, ಬಿಟ್ಟರೂ ದೋಷವಿಲ್ಲ. ಅದು ದೊರೆಯದಲ್ಲಿ ಭಕ್ಷೀಸೇ ಸಂಬಳ. ಅದನ್ನು ಋಣವೆಂದು ತಿಳಿದು ತೀರಿಸತಕ್ಕದ್ದು. ಪಣಂಬೂರಿನ ಕಡಲಿನಲ್ಲಿ ನಿಂತ ಹಡಗಿಗೂ ಹೆಗ್ಗದ್ದೆಯ ಬೆಟ್ಟದ ಮೇಲಿನ ತೋಟದ ಮನೆಗೂ ಅಳತೆಯ ಕೊಳಗವು ಒಂದೇ. ಋಣವನ್ನು ಉಳಿಸಿಕೊಂಡು ಬಂದ ಪ್ರವಾಸವು, ಅದೆಷ್ಟು ಚಿತ್ರಗಳನ್ನು ಮನೆಗೆ ತಂದರೂ, ಸಂಸಾರಕ್ಕೆ ಸುಖವನ್ನು ತಂದಿತೆಂದು ನಾವು ಹೇಳಲಾರೆವು.